ಪ್ರೊಸೆಸರ್ ಬದಲಾದಾಗ ಆಪರೇಟಿಂಗ್ ಸಿಸ್ಟಂ ಪಾಡೇನು?

2020ರ ಜೂನ್ 22ರಂದು ಆಪಲ್ ಕಂಪನಿ ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಇಂಟೆಲ್ ಪ್ರೊಸೆಸರ್ ಬಿಟ್ಟು ಸ್ವಂತ ಚಿಪ್ ಬಳಸುವುದಾಗಿ ಘೋಷಿಸಿತು. ಅದೇ ವರ್ಷದ ನವೆಂಬರಿನಲ್ಲಿ ಎಂ1 ಚಿಪ್ ಇರುವ ಮ್ಯಾಕ್‌ಗಳು ಮಾರುಕಟ್ಟೆಗೆ ಬಂದವು. ಇಂಟೆಲ್‌ಗೆಂದು ತಯಾರಾಗಿದ್ದ ಹಳೆಯ ಅಪ್ಲಿಕೇಶನ್‌ಗಳೂ ಅವುಗಳಲ್ಲಿ ಓಡಿದವು, ಕೆಲವಂತೂ ಮೊದಲಿಗಿಂತ ಚುರುಕಾಗಿಯೇ. ಕೊಂಡವರಿಗೆ ಹೆಚ್ಚೇನೂ ಬದಲಾದಂತೆ ಕಾಣಲಿಲ್ಲ. ಹಾಗೆ ಕಾಣದಂತೆ ಮಾಡುವುದಕ್ಕೆ ಎಂಥ ಕೆಲಸ ನಡೆದಿತ್ತು ಎಂಬುದೇ ಈ ಅಧ್ಯಾಯದ ವಿಷಯ.

ಪ್ರತಿ ಪ್ರೊಸೆಸರಿಗೂ ಅದರದೇ ಸೂಚನೆಗಳ ಪಟ್ಟಿ ಇರುತ್ತದೆ: ಕೂಡು, ಮೆಮೊರಿಯಿಂದ ತಾ, ಮೆಮೊರಿಯಲ್ಲಿ ಇಡು, ಇಂಥ ಕಡೆಗೆ ಜಿಗಿ. ಆ ಪಟ್ಟಿ ಮತ್ತು ಅದರ ನಿಯಮಗಳು ಸೇರಿ ಆರ್ಕಿಟೆಕ್ಚರ್. ಇಂಟೆಲ್ ಮತ್ತು ಎಎಂಡಿ ಚಿಪ್‌ಗಳದು ಎಕ್ಸ್86. ಎಂ1 ಮತ್ತು ಬಹುಪಾಲು ಮೊಬೈಲುಗಳದು ಆರ್ಮ್. ಒಂದರ ಮೇಲೆ ಬೆಳೆದ ಆಪರೇಟಿಂಗ್ ಸಿಸ್ಟಂ ಅನ್ನು ಇನ್ನೊಂದಕ್ಕೆ ಒಗ್ಗಿಸುವುದನ್ನು ಪೋರ್ಟ್ ಮಾಡುವುದು ಎನ್ನುತ್ತಾರೆ.

‘ಸಿ ಭಾಷೆಯಲ್ಲಿ ಬರೆದಿದ್ದಾರಲ್ಲ, ಹೊಸ ಚಿಪ್‌ನ ಕಂಪೈಲರ್‌ಗೆ ಕೊಟ್ಟರಾಯಿತು’ ಎಂದುಕೊಳ್ಳುವವರು ಬಹಳ. ಇದು ಅರ್ಧ ನಿಜ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ 1969ರಲ್ಲಿ ಬೆಲ್ ಲ್ಯಾಬ್ಸ್‌ನ ಪಿಡಿಪಿ-7 ಯಂತ್ರದ ಅಸೆಂಬ್ಲಿಯಲ್ಲಿ ಹುಟ್ಟಿತು. 1973ರಲ್ಲಿ ಅದನ್ನು ಸಿ ಭಾಷೆಯಲ್ಲಿ ತಿರುಗಿ ಬರೆದರು. 1977ರ ಹೊತ್ತಿಗೆ ಡೆನ್ನಿಸ್ ರಿಚ್ಚಿ ಮತ್ತು ಸ್ಟೀವ್ ಜಾನ್ಸನ್ ಅದನ್ನು ಇಂಟರ್‌ಡೇಟಾ 8/32 ಎಂಬ, ಪೂರ್ತಿ ಬೇರೆ ಜಾತಿಯ ಯಂತ್ರಕ್ಕೆ ಒಯ್ಯುತ್ತಿದ್ದರು. ಅದೇ ವರ್ಷ ಆಸ್ಟ್ರೇಲಿಯದ ವೊಲೊಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ತಮ್ಮಷ್ಟಕ್ಕೆ ತಾವೇ ಇಂಟರ್‌ಡೇಟಾ 7/32ಕ್ಕೆ ಅದನ್ನು ಒಯ್ದರು. ಬಹುಪಾಲು ಕೋಡ್ ಹಾಗೆಯೇ ಉಳಿಯಿತು. ಕೈಯಾರೆ ಹೊಸದಾಗಿ ಬರೆಯಬೇಕಾದದ್ದು ಯಂತ್ರಕ್ಕೆ ಅಂಟಿಕೊಂಡ ಭಾಗ: ಬೂಟ್ ಆಗುವ ಬಗೆ, ಇಂಟರಪ್ಟ್ ಬಂದಾಗ ಒಳಹೋಗುವ ದಾರಿ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ಕ್ರಮ, ಮೆಮೊರಿಯನ್ನು ಹಂಚುವ ಲೆಕ್ಕ. ಇದು ಶ್ರಮದ ಕೆಲಸ, ಆದರೆ ಎಲ್ಲಿದೆ ಎಂದು ಗೊತ್ತಿರುವ ಕೆಲಸ.

ನಿಜವಾದ ತೊಂದರೆ ಇರುವುದು ಎಲ್ಲಿದೆ ಎಂದು ಗೊತ್ತಿಲ್ಲದ ಕಡೆ. ಹಳೆಯ ಚಿಪ್ ಕೇಳದೆಯೇ ಕೊಡುತ್ತಿದ್ದ ಕೆಲವು ಭರವಸೆಗಳ ಮೇಲೆ ಪ್ರೋಗ್ರಾಮರುಗಳು ಅರಿವಿಲ್ಲದೆ ಒರಗಿಕೊಂಡಿರುತ್ತಾರೆ. ಬೈಟ್‌ಗಳ ಕ್ರಮ ಅಂಥದ್ದೊಂದು. ಯುನಿಕ್ಸ್ ಅದುವರೆಗೆ ಓಡುತ್ತಿದ್ದ ಪಿಡಿಪಿ-11 ಯಂತ್ರ ಒಂದು ಸಂಖ್ಯೆಯ ಕಿರಿಯ ಬೈಟನ್ನು ಮೊದಲು ಇಡುತ್ತಿತ್ತು, ಇಂಟರ್‌ಡೇಟಾ ಹಿರಿಯದನ್ನು. ಎರಡೆರಡು ಬೈಟ್ ಅದಲುಬದಲಾದರೆ ಯುನಿಕ್ಸ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು ‘ನುಕ್ಸಿ’ ಎಂದು ಮೂಡುತ್ತವೆ. ಈ ತೊಡಕಿಗೆ ಇಂದಿಗೂ ಅದೇ ಹೆಸರು. 32 ಬಿಟ್‌ನ ಸಂಖ್ಯೆಯಲ್ಲಾದರೆ, ಒಂದು ಯಂತ್ರ 1 ಎಂದು ಬರೆದಿಟ್ಟದ್ದನ್ನು ಇನ್ನೊಂದು 1,67,77,216 ಎಂದು ಓದುತ್ತದೆ. 2006ರಲ್ಲಿ ಆಪಲ್ ಪವರ್‌ಪಿಸಿ ಬಿಟ್ಟು ಇಂಟೆಲ್‌ಗೆ ಬಂದಾಗಲೂ ಇದನ್ನು ಎದುರಿಸಬೇಕಾಯಿತು. 2020ರಲ್ಲಿ ಆ ಕಾಟ ಇರಲಿಲ್ಲ. ಅದಕ್ಕಿಂತ ನವಿರಾದ, ಇಡೀ ವಿಷಯದಲ್ಲೇ ಅತ್ಯಂತ ಸ್ವಾರಸ್ಯಕರವಾದ ಇನ್ನೊಂದಿತ್ತು: ಮೆಮೊರಿಯ ಬರಹಗಳು ಯಾವ ಕ್ರಮದಲ್ಲಿ ಕಣ್ಣಿಗೆ ಬೀಳುತ್ತವೆ ಎಂಬುದು.

ಇದನ್ನು ನಿಧಾನವಾಗಿ ನೋಡಬೇಕು. ಒಂದೇ ಚಿಪ್‌ನಲ್ಲಿ ಎರಡು ಕೋರ್‌ಗಳಿವೆ. ಮೊದಲನೆಯದು ಒಬ್ಬ ವಿದ್ಯಾರ್ಥಿಯ ಅಂಕ 87 ಎಂದು ಒಂದು ಜಾಗದಲ್ಲಿ ಬರೆಯುತ್ತದೆ. ಆಮೇಲೆ ‘ಸಿದ್ಧ’ ಎಂಬ ಇನ್ನೊಂದು ಜಾಗದಲ್ಲಿ 1 ಬರೆಯುತ್ತದೆ. ಎರಡನೆಯ ಕೋರ್ ‘ಸಿದ್ಧ’ದಲ್ಲಿ 1 ಬರುವವರೆಗೆ ಕಾದು, ಬಂದ ಕೂಡಲೇ ಅಂಕ ಓದುತ್ತದೆ. ಅದಕ್ಕೆ 87 ಸಿಗಲೇಬೇಕಲ್ಲವೇ?

ಇಂಟೆಲ್‌ನಲ್ಲಿ ಸಿಗುತ್ತದೆ. ಆರ್ಮ್‌ನಲ್ಲಿ ಹಳೆಯ ಅಂಕವೇ ಸಿಗಬಹುದು. ಚಿಪ್ ಕೆಟ್ಟಿದೆ ಎಂದಲ್ಲ, ಅದರ ನಿಯಮವೇ ಹಾಗೆ. ಕೋರ್ ಬರೆದದ್ದು ನೇರ ಮೆಮೊರಿಗೆ ಹೋಗುವುದಿಲ್ಲ. ಮೊದಲು ಒಂದು ತಾತ್ಕಾಲಿಕ ಸಾಲಿನಲ್ಲಿ ನಿಲ್ಲುತ್ತದೆ. ಅಂಕದ ಜಾಗ ಆ ಕ್ಷಣ ಬೇರೊಂದು ಕೋರ್‌ನ ಕ್ಯಾಶ್ ಎಂಬ ಪುಟ್ಟ ಖಾಸಗಿ ಮೆಮೊರಿಯಲ್ಲಿದ್ದರೆ ಅದು ಬಿಡುಗಡೆಯಾಗುವವರೆಗೆ ಕಾಯಬೇಕು. ‘ಸಿದ್ಧ’ದ ಜಾಗ ಕೈಯಳತೆಯಲ್ಲೇ ಇದ್ದರೆ ಆರ್ಮ್ ಅದನ್ನು ಮುಂದೆ ಬಿಡುತ್ತದೆ, ಇಂಟೆಲ್ ಸಾಲು ಮುರಿಯಲು ಬಿಡುವುದಿಲ್ಲ. ಓದುವ ಕಡೆಯೂ ಹೀಗೆಯೇ: ಸಮಯ ಉಳಿಸಲೆಂದು ಎರಡನೆಯ ಕೋರ್ ಅಂಕವನ್ನು ಮುಂಚಿತವಾಗಿಯೇ ಓದಿಟ್ಟುಕೊಂಡಿರಬಹುದು. ಅಷ್ಟರಲ್ಲಿ ಅಂಕ ಬದಲಾದರೆ ಇಂಟೆಲ್ ಆ ಓದನ್ನು ಎಸೆದು ಮತ್ತೆ ಓದುತ್ತದೆ. ಆರ್ಮ್‌ಗೆ ಆ ಕಟ್ಟುಪಾಡಿಲ್ಲ. ಈ ಸಡಿಲಿಕೆಯಿಂದ ಚಿಪ್ ವಿನ್ಯಾಸಕಾರರಿಗೆ ವೇಗ ಮತ್ತು ವಿದ್ಯುತ್ ಉಳಿತಾಯಕ್ಕೆ ಅವಕಾಶ ಸಿಗುತ್ತದೆ. ಕ್ರಮ ಬೇಕೆನ್ನುವ ಪ್ರೋಗ್ರಾಮರ್ ಎರಡು ಬರಹಗಳ ನಡುವೆ ‘ಬ್ಯಾರಿಯರ್’ ಎಂಬ ಸೂಚನೆ ಹಾಕಬೇಕು, ಓದುವ ಕಡೆಯೂ ಅಂಥದ್ದೇ ಇನ್ನೊಂದನ್ನು.

ಮೋಸ ಹೋಗುವುದು ಇಲ್ಲೇ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಬರಹಗಳ ಕ್ರಮ ಕಾಯಲು ಒಂದು ಬ್ಯಾರಿಯರ್ ಮ್ಯಾಕ್ರೋ ಇದೆ. ಆರ್ಮ್‌ಗೆ ಕಂಪೈಲ್ ಮಾಡಿದರೆ ಅದು ನಿಜವಾದ ಸೂಚನೆಯಾಗುತ್ತದೆ. ಎಕ್ಸ್86ಗೆ ಮಾಡಿದರೆ ಒಂದು ಸೂಚನೆಯೂ ಹುಟ್ಟುವುದಿಲ್ಲ. ಸಾಲುಗಳನ್ನು ಹಿಂದುಮುಂದು ಮಾಡಬೇಡ ಎಂದು ಕಂಪೈಲರ್‌ಗೆ ಹೇಳಿ ಸುಮ್ಮನಾಗುತ್ತದೆ. ಹಾಗಾಗಿ ಅದನ್ನು ಬರೆಯಲು ಮರೆತ ಕೋಡ್ ಇಂಟೆಲ್ ಯಂತ್ರಗಳಲ್ಲಿ ವರ್ಷಗಟ್ಟಲೆ ಚೆನ್ನಾಗಿಯೇ ಓಡಬಹುದು, ಆರ್ಮ್‌ಗೆ ಬಂದ ಮೇಲೆ ಯಾವಾಗಲೋ ಒಮ್ಮೆ ಎಡವಬಹುದು. ಮತ್ತೆ ಓಡಿಸಿದರೆ ತಪ್ಪು ಮಾಯ!

ಲಿನಕ್ಸ್‌ಗೆ ಈ ಶಿಸ್ತು ಬಂದದ್ದರಲ್ಲಿ ಆಲ್ಫಾ ಎಂಬ ಚಿಪ್‌ನ ಋಣ ದೊಡ್ಡದು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆದದ್ದು ಇಂಟೆಲ್ 386ಕ್ಕೆ ಮಾತ್ರ. ಡಿಇಸಿ ಕಂಪನಿಯ ಜಾನ್ ಹಾಲ್ ಎಂಬುವರು ಟೋರ್ವಾಲ್ಡ್ಸ್‌ಗೆ ಆಲ್ಫಾ ಯಂತ್ರವೊಂದನ್ನು ಒದಗಿಸಿಕೊಟ್ಟರು. 1995ರ ಮಾರ್ಚ್‌ನಲ್ಲಿ ಬಂದ 1.2 ಆವೃತ್ತಿಯಲ್ಲಿ ಆಲ್ಫಾಕ್ಕೂ ಜಾಗವಿತ್ತು. ಮೆಮೊರಿ ಕ್ರಮದಲ್ಲಿ ಆಲ್ಫಾ ಆರ್ಮ್‌ಗಿಂತಲೂ ಸಡಿಲ. ಅದರಲ್ಲಿ ಸರಿಯಾಗಿ ಓಡುವಂತೆ ಬರೆದ ಕೋಡ್ ಬೇರೆ ಚಿಪ್‌ಗಳಿಗೂ ಸಲೀಸಾಗಿ ಹೊಂದಿಕೊಂಡಿತು.

ಆಪಲ್‌ನ ಸಮಸ್ಯೆ ಇನ್ನೂ ಕಠಿಣ. ತನ್ನ ಆಪರೇಟಿಂಗ್ ಸಿಸ್ಟಂ ಅನ್ನು ಅದು ತಿದ್ದಿಕೊಳ್ಳಬಹುದು. ಇತರರು ಇಂಟೆಲ್‌ಗಾಗಿ ಕಂಪೈಲ್ ಮಾಡಿ ಮಾರಿದ ಅಪ್ಲಿಕೇಶನ್‌ಗಳ ಮೂಲ ಕೋಡ್ ಅದರ ಬಳಿ ಇಲ್ಲ. ಅವನ್ನು ಆರ್ಮ್ ಸೂಚನೆಗಳಿಗೆ ಬದಲಿಸಿಕೊಡುವ ರೊಸೆಟಾ 2 ಎಂಬ ತಂತ್ರಾಂಶ, ಅವು ಇಂಟೆಲ್‌ನ ಕ್ರಮವನ್ನು ನಂಬಿವೆ ಎಂದೇ ಹಿಡಿದು ನಡೆಯಬೇಕು. ಪ್ರತಿ ಓದು-ಬರಹಕ್ಕೂ ಬ್ಯಾರಿಯರ್ ಸೇರಿಸುತ್ತ ಹೋದರೆ ಅಪ್ಲಿಕೇಶನ್ ತೆವಳುತ್ತದೆ. ಅದಕ್ಕಾಗಿ ಎಂ1 ಚಿಪ್ಪಿನೊಳಗೇ ಒಂದು ಸ್ವಿಚ್ ಇಟ್ಟರು. ಅನುವಾದಿತ ಅಪ್ಲಿಕೇಶನ್‌ನ ಸರದಿ ಬಂದಾಗ ಕರ್ನಲ್ ಅದನ್ನು ಒತ್ತುತ್ತದೆ, ಕೋರ್ ಇಂಟೆಲ್‌ನಂತೆ ಕ್ರಮ ಪಾಲಿಸುತ್ತದೆ. ಸರದಿ ಮುಗಿದರೆ ಮತ್ತೆ ಆರ್ಮ್‌ನ ಸಡಿಲ ನಡೆ. ಚಿಪ್ ಮತ್ತು ಆಪರೇಟಿಂಗ್ ಸಿಸ್ಟಂ ಎರಡನ್ನೂ ಮಾಡುವವರು ಒಂದೇ ಸೂರಿನಡಿ ಇದ್ದದ್ದರಿಂದ ಆದ ಕೆಲಸವಿದು, ಎಷ್ಟು ಮೆಚ್ಚಿದರೂ ಸಾಲದು.

ಓದಿ ತಿಳಿದದ್ದನ್ನು ಕೈಯಿಂದ ಮುಟ್ಟಿ ನೋಡಲು ಒಳ್ಳೆಯ ಅವಕಾಶವಿದೆ. ಎಂಐಟಿಯಲ್ಲಿ ಪಾಠಕ್ಕೆಂದು ಬರೆದ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಅನ್ನು 2019ರಲ್ಲಿ ಎಕ್ಸ್86ರಿಂದ ರಿಸ್ಕ್-ಫೈವ್ ಎಂಬ ಇನ್ನೊಂದು ಆರ್ಕಿಟೆಕ್ಚರ್‌ಗೆ ಬದಲಿಸಿದರು. ಎರಡರ ಕೋಡೂ ಉಚಿತ. ಕಂಪ್ಯೂಟರ್ ಓದುವ ವಿದ್ಯಾರ್ಥಿಗಳು ಅವೆರಡನ್ನು ಅಕ್ಕಪಕ್ಕ ತೆರೆದು, ಕೆಲಸದಿಂದ ಕೆಲಸಕ್ಕೆ ಹೊರಳುವ ಚಿಕ್ಕ ಕಡತದಿಂದ ಶುರುಮಾಡಬೇಕು. ಹಳೆಯದರಲ್ಲಿ ನಾಲ್ಕು ರಿಜಿಸ್ಟರುಗಳನ್ನು ಸ್ಟ್ಯಾಕ್‌ಗೆ ತಳ್ಳುತ್ತಾರೆ. ಹೊಸದರಲ್ಲಿ ಹದಿನಾಲ್ಕನ್ನು ಒಂದೊಂದಾಗಿ ಬರೆದಿಡುತ್ತಾರೆ. ಆಮೇಲೆ, ಒಂದು ಹೊತ್ತಿಗೆ ಒಂದೇ ಕೋರ್ ಒಳಬರುವಂತೆ ಕಾಯುವ ಸ್ಪಿನ್‌ಲಾಕ್‌ನ ಕಡತಕ್ಕೆ ಬಂದರೆ ಬ್ಯಾರಿಯರ್ ಕಾಣುತ್ತದೆ, ಅದೇಕೆ ಬೇಕೆಂಬ ಟಿಪ್ಪಣಿಯೂ ಜೊತೆಗಿದೆ. ಕ್ಯೂಎಂಯು ಎಂಬ ತಂತ್ರಾಂಶ ಇದ್ದರೆ ಇದೆಲ್ಲ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಒಂದೇ ಎಚ್ಚರ: ಆ ಲ್ಯಾಪ್‌ಟಾಪ್ ಇಂಟೆಲ್‌ನದಾಗಿದ್ದರೆ ಬ್ಯಾರಿಯರ್ ತೆಗೆದರೂ ತಪ್ಪು ಕಾಣಿಸದೇ ಹೋಗಬಹುದು, ಏಕೆಂದರೆ ಅಡಿಯಲ್ಲಿ ಕ್ರಮ ಕಾಯುತ್ತಿರುವುದು ಇಂಟೆಲ್ ಚಿಪ್ಪೇ.