ಎರಡೂ ಸದನ ಒಪ್ಪಿದರೂ ಕಾನೂನಾಗಲಿಲ್ಲ!

ಅಮೆರಿಕದ ಅಧ್ಯಕ್ಷ ಅಂದ್ರೆ ಜಗತ್ತಿನ ದೊಡ್ಡಣ್ಣ. ಆತ ಮನಸ್ಸು ಮಾಡಿದರೆ ಬೆಳಗಾಗುವಷ್ಟರಲ್ಲಿ ಕಾನೂನು ರೆಡಿ. ಹೀಗಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿದ್ದರೆ ಈ ಕಥೆ ಕೇಳಿ. ಮಗನನ್ನೋ ಮಗಳನ್ನೋ ಅಮೆರಿಕಕ್ಕೆ ಕಳಿಸಿರುವ ಕರ್ನಾಟಕದ ಎಷ್ಟೋ ಮನೆಗಳ ಕಥೆ ಇದು.

ಉದ್ಯೋಗದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ ಸುಮಾರು 1,40,000. ಅದರಲ್ಲಿ ಒಂದು ದೇಶಕ್ಕೆ ಹೆಚ್ಚೂಕಡಿಮೆ ಶೇಕಡಾ 7ರ ಮಿತಿ. ಪುಟ್ಟ ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ! ಹಾಗಾಗಿ ನಮ್ಮವರ ಸರದಿ ದಶಕಗಳುದ್ದ. ಅಷ್ಟರಲ್ಲಿ ಮಕ್ಕಳಿಗೆ 21 ತುಂಬಿದರೆ ಅಪ್ಪ-ಅಮ್ಮನ ವೀಸಾದ ಆಸರೆಯೂ ಇಲ್ಲ.

ಈ ಮಿತಿ ತೆಗೆಯಲು 2019ರಲ್ಲಿ ಒಂದು ಮಸೂದೆ ಬಂತು. ಹೆಸರು ಎಚ್.ಆರ್. 1044. ಏನಾಯ್ತು ನೋಡೋಣ.

ಮೊದಲನೇ ಮಾತು. ಅಲ್ಲಿ ಅಧ್ಯಕ್ಷರಾಗಲಿ, ಅವರ ಮಂತ್ರಿಗಳಾಗಲಿ ಮಸೂದೆ ಮಂಡಿಸುವಂತಿಲ್ಲ. ಮಂತ್ರಿಯಾದವರು ಸಂಸತ್ತಿನ ಸದಸ್ಯರೇ ಆಗಿರುವಂತಿಲ್ಲ. ಮಸೂದೆಯನ್ನು ಸದಸ್ಯರೇ ತರಬೇಕು. 435 ಜನರ ಪ್ರತಿನಿಧಿ ಸಭೆಯಲ್ಲಿ 'ಹಾಪರ್' ಅನ್ನೋ ಮರದ ಪೆಟ್ಟಿಗೆ ಇದೆ. ಮಸೂದೆ ಅದರೊಳಗೆ ಬಿದ್ದರೆ ಅದಕ್ಕೊಂದು ನಂಬರ್ ಸಿಗುತ್ತೆ. ಅಲ್ಲಿಂದ ಸಮಿತಿಗೆ. ಅಸಲಿ ಜರಡಿ ಇರೋದು ಇಲ್ಲೇ. ಸಾವಿರಾರು ಮಸೂದೆಗಳಲ್ಲಿ ಹೆಚ್ಚಿನವು ಸಮಿತಿಯ ಕಪಾಟಿನಲ್ಲೇ ಕಣ್ಣು ಮುಚ್ಚುತ್ತವೆ.

ಎಚ್.ಆರ್. 1044 ಬದುಕಿತು. 2019ರ ಜುಲೈ 10ರಂದು ಪ್ರತಿನಿಧಿ ಸಭೆಯಲ್ಲಿ ಪರವಾಗಿ 365 ಮತ, ವಿರುದ್ಧ 65. ಎರಡೂ ಪಕ್ಷದವರು ಕೈಜೋಡಿಸಿದ್ದರು. ಭಾರತೀಯರು ಸಿಹಿ ಹಂಚಬಹುದಿತ್ತು ಅಲ್ವಾ? ಅಲ್ಲೇ ಇರೋದು ಟ್ವಿಸ್ಟ್!

ಮುಂದೆ ಸೆನೆಟ್. ರಾಜ್ಯಕ್ಕೆ ಇಬ್ಬರಂತೆ 100 ಸದಸ್ಯರು. ಪಾಸಾಗಲು 51 ಸಾಕು ಅಂತೀರಾ? ಸಾಲದು. ಚರ್ಚೆಯನ್ನು ಎಳೆಯುತ್ತಾ ಮಸೂದೆಯನ್ನು ತಡೆಯೋಕೆ ಅಲ್ಲಿ ಅವಕಾಶ ಇದೆ. ಅದಕ್ಕೆ ಫಿಲಿಬಸ್ಟರ್ ಅಂತಾರೆ. ಚರ್ಚೆ ನಿಲ್ಲಿಸಬೇಕಾದರೆ ಸಾಮಾನ್ಯವಾಗಿ 60 ಮತ ಬೇಕು. ಅಡ್ಡದಾರಿಯೂ ಒಂದಿದೆ: ಸರ್ವಾನುಮತ. ಆದರೆ ಒಬ್ಬ, ಒಬ್ಬನೇ ಒಬ್ಬ ಸೆನೆಟರ್ 'ನನ್ನ ಆಕ್ಷೇಪ ಇದೆ' ಅಂದರೂ ಕಥೆ ಮುಗೀತು.

ಸೆನೆಟರ್ ಮೈಕ್ ಲೀ ತಮ್ಮದೇ ಮಸೂದೆ ಎಸ್. 386 ಹಿಡಿದು ಇದೇ ದಾರಿ ಹಿಡಿದರು. ಒಮ್ಮೆ ಒಬ್ಬರು ಅಡ್ಡ ನಿಂತರು, ಇನ್ನೊಮ್ಮೆ ಇನ್ನೊಬ್ಬರು. ಒಬ್ಬೊಬ್ಬರನ್ನು ಒಪ್ಪಿಸಲು ಒಂದೊಂದು ಷರತ್ತು ಸೇರಿಸುತ್ತಾ ಹೋದರು. ಕಡೆಗೂ 2020ರ ಡಿಸೆಂಬರ್ 2ರಂದು ಸೆನೆಟ್ ಸರ್ವಾನುಮತದಿಂದ ಒಪ್ಪಿತು.

ಎರಡೂ ಸದನ ಪಾಸ್. ಇನ್ನೇನು ಬೇಕು? ಬೇಕಾಗಿದ್ದು ಒಂದೇ: ಎರಡೂ ಕಡೆಯ ಮಸೂದೆಯ ಒಂದೊಂದು ಪದವೂ ಒಂದೇ ಆಗಿರಬೇಕು. ಷರತ್ತು ಸೇರಿ ಸೇರಿ ಸೆನೆಟ್ ಮಸೂದೆಯೇ ಬೇರೆಯಾಗಿತ್ತು. ಭಿನ್ನಾಭಿಪ್ರಾಯ ಬಂದರೆ ನಮ್ಮಲ್ಲಿ ಜಂಟಿ ಅಧಿವೇಶನ ಕರೆದು ಮತಕ್ಕೆ ಹಾಕಬಹುದು. ಅಲ್ಲಿ ಆ ವ್ಯವಸ್ಥೆ ಇಲ್ಲ. ಎರಡೂ ಕಡೆಯವರು ಕೂತು ರಾಜಿ ಮಾಡಿಕೊಂಡು, ಅದೇ ಪಠ್ಯವನ್ನು ಎರಡೂ ಸದನ ಮತ್ತೆ ಒಪ್ಪಬೇಕು.

ಕೈಯಲ್ಲಿದ್ದಿದ್ದು ಒಂದೇ ತಿಂಗಳು. 2021ರ ಜನವರಿ 3ಕ್ಕೆ ಆ ಕಾಂಗ್ರೆಸ್‌ನ ಎರಡು ವರ್ಷದ ಅವಧಿ ಮುಗಿಯಿತು. ಅವಧಿ ಮುಗಿದರೆ ಬಾಕಿ ಇರುವ ಮಸೂದೆಗಳೆಲ್ಲಾ ಸತ್ತಂತೆ. ಮತ್ತೆ ಪೆಟ್ಟಿಗೆಯಿಂದಲೇ ಶುರು! ಅಧ್ಯಕ್ಷರ ಮೇಜಿಗೆ ಅದು ಹೋಗಲೇ ಇಲ್ಲ.

ಹೋಗಿದ್ದರೆ? ಭಾನುವಾರ ಬಿಟ್ಟು 10 ದಿನದ ಗಡುವು. ಸಹಿ ಹಾಕಬಹುದು, ವೀಟೋ ಮಾಡಬಹುದು. ಸುಮ್ಮನಿದ್ದರೆ, ಕಾಂಗ್ರೆಸ್ ಕಲಾಪದಲ್ಲಿದ್ದಲ್ಲಿ ತಾನಾಗೇ ಕಾನೂನು. ವೀಟೋ ಮಾಡಿದರೂ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಂದರೆ ಅಧ್ಯಕ್ಷರ ಮಾತು ನಡೆಯಲ್ಲ.

ಅಮೆರಿಕದ ಸಂವಿಧಾನ ಬರೆದವರಿಗೆ ರಾಜನ ಭಯ ಇತ್ತು, ಅವಸರದ ಭಯವೂ ಇತ್ತು. ಅದಕ್ಕೇ ಹೆಜ್ಜೆಹೆಜ್ಜೆಗೂ ಬ್ರೇಕ್ ಇಟ್ಟರು. ಫಿಲಿಬಸ್ಟರ್‌ನಂಥ ಬ್ರೇಕುಗಳನ್ನು ಆಮೇಲೆ ಬಂದವರು ಸೇರಿಸಿದರು. ಕೆಟ್ಟ ಕಾನೂನು ಸುಲಭವಾಗಿ ಬರಬಾರದು ಅನ್ನೋ ಆಸೆ ಒಳ್ಳೆಯದೇ. ಆದರೆ ಬ್ರೇಕಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗಲ್ಲ. ಎರಡನ್ನೂ ಒಂದೇ ಥರ ನಿಲ್ಲಿಸುತ್ತೆ.

ಹಾಗಾಗಿ ಇನ್ನು ಮುಂದೆ 'ಅಮೆರಿಕದಲ್ಲಿ ಮಸೂದೆ ಪಾಸ್' ಅಂತ ಬ್ರೇಕಿಂಗ್ ನ್ಯೂಸ್ ಬಂದಾಗ, ಅದನ್ನು ಓದೋದು ನಾನೇ ಆಗಿದ್ದರೂ, ಒಂದು ಪ್ರಶ್ನೆ ಕೇಳಿ. ಯಾವ ಸದನದಲ್ಲಿ ಸ್ವಾಮಿ?