ಅಟ್ಟ ಹತ್ತುವ ಆಟ

ಹುಳಿಯಾರು, ತಿಪಟೂರು ಸೀಮೆಯ ಮನೆಗಳಲ್ಲಿ ಅಟ್ಟವೆಂದರೆ ಕೊಬ್ಬರಿಯ ಜಾಗ. ಬಲಿತ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲಿ ಬಿದ್ದಿದ್ದು, ನೀರು ಬತ್ತಿ, ಚಿಪ್ಪಿನೊಳಗೇ ಕಳಚಿ ಉಂಡೆ ಕೊಬ್ಬರಿಯಾಗುತ್ತದೆ. ಈ ಸೀಮೆಗೆ ಇನ್ನೊಂದು ಅಟ್ಟವೂ ಗೊತ್ತು. ಸುಗ್ಗಿ ಮುಗಿದ ಮೇಲೆ ಊರ ಬಯಲಲ್ಲಿ ಕಂಬ ನೆಟ್ಟು, ಹಲಗೆ ಹಾಸಿ ಕಟ್ಟುವ ರಂಗ ಅದು. ಮೂಡಲಪಾಯ ಯಕ್ಷಗಾನ ಬೆಳೆದದ್ದು ಅದರ ಮೇಲೆ.

ಯಕ್ಷಗಾನ ಎಂದೊಡನೆ ಕರಾವಳಿ ನೆನಪಾಗುತ್ತದೆ. ಅದು ಪಡುವಲಪಾಯ. ಅಲ್ಲಿ ವೇಷಧಾರಿ ಮಾತನ್ನು ನಿಂತ ನಿಲುವಿನಲ್ಲೇ ಕಟ್ಟುತ್ತಾನೆ. ಮೂಡಲಪಾಯದಲ್ಲಿ ಹಾಗಲ್ಲ, ಪದದಂತೆ ಮಾತೂ ಕಂಠಪಾಠ. ಹಗಲೆಲ್ಲ ಹೊಲ, ತೋಟ. ಉಂಡ ಮೇಲೆ ತಾಲೀಮು. ಭಾಗವತರು ಹೇಳಿಕೊಟ್ಟದ್ದನ್ನು ಅಕ್ಷರ ಬಾರದವರೂ ಕಿವಿಯಿಂದಲೇ ಕಲಿತು ಅರ್ಜುನನಾದರು, ಕರ್ಣನಾದರು. ಹೆಣ್ಣುವೇಷವೂ ಗಂಡಸರದೇ.

ಕಿರೀಟ, ಭುಜಕೀರ್ತಿ, ಎದೆಹಾರ ಎಲ್ಲವೂ ಹಗುರ ಮರದಲ್ಲಿ ಕೆತ್ತಿದವು. ಮೇಲೆ ಹೊಳೆಯುವ ಕಾಗದ, ಕನ್ನಡಿ ಚೂರು. ಗಣಪತಿ ಸ್ತುತಿ ಮುಗಿದು ಕೋಡಂಗಿ, ಬಾಲಗೋಪಾಲ ಬಂದುಹೋದರೆ ಇಬ್ಬರು ತೆರೆ ಹಿಡಿಯುತ್ತಾರೆ. ಅದರ ಹಿಂದಿನಿಂದ ಬಂದ ವೀರನನ್ನು ಸಾರಥಿ ಯಾರು, ಎತ್ತಣವರು ಎಂದು ವಿಚಾರಿಸುತ್ತಾನೆ. ಪ್ರೇಕ್ಷಕರಿಗೆ ಕಥೆ ಬಿಚ್ಚಿಕೊಳ್ಳುವುದು ಈ ಪ್ರಶ್ನೋತ್ತರದಲ್ಲೇ. ಹಿಂದೆ ತಾಳ, ಮದ್ದಳೆ, ಮುಖವೀಣೆ. ಪುಟ್ಟ ನಾದಸ್ವರದಂತಿರುವ ಈ ಊದುವಾದ್ಯವೇ ಮೂಡಲಪಾಯದ ಗುರುತು.

ಭಾರತ, ರಾಮಾಯಣದ ಪ್ರಸಂಗಗಳು ಎಷ್ಟಿದ್ದರೂ ಹಳ್ಳಿಗಳು ಮನಸೋತದ್ದು ‘ಕರಿಭಂಟನ ಕಾಳಗ’ಕ್ಕೆ. ಅವನು ಪುರಾಣದವನಲ್ಲ, ನಾಡ ಕಥೆಯ ವೀರ. ದೂರದ ಐರ್ಲೆಂಡಿನಲ್ಲೂ ಇಂಥದೇ ಒಂದು ಆಯ್ಕೆ ನಡೆದಿತ್ತು. ಇಂಗ್ಲಿಷಿನ ನೆರಳಲ್ಲಿ ಸೊರಗಿದ್ದ ಐರಿಷ್ ಭಾಷೆಗೆಂದೇ ಗಾಲ್ವೆ ಪಟ್ಟಣದಲ್ಲಿ 1928ರಲ್ಲಿ ಆರಂಭವಾದ ತೈವ್ಯಾರ್ಕ್ ರಂಗಮಂದಿರ, ಮೊದಲ ನಾಟಕಕ್ಕೆ ಎತ್ತಿಕೊಂಡದ್ದು ಅಲ್ಲಿನ ದಂತಕಥೆಯ ಡೀರ್ಮುಡ್–ಗ್ರಾನ್ಯಾ ಜೋಡಿಯನ್ನು. ಅವರಿಗೆ ಕಾಯಂ ಕಟ್ಟಡವಿತ್ತು. ಇಲ್ಲಿ ಬೆಳಗಾದರೆ ಅಟ್ಟ ಬಿಚ್ಚಬೇಕು.

ಬಿಚ್ಚಿದ್ದು ಮತ್ತೆ ಕಟ್ಟದೇ ಹೋದೀತೆಂಬ ಆತಂಕ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರದು (1933–1995). ನಾಗಮಂಗಲ ಸೀಮೆಯ ಅವರು ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟಿದವರಲ್ಲಿ ಒಬ್ಬರು. ಮೂಡಲಪಾಯವನ್ನು ಗಾಜಿನ ಪೆಟ್ಟಿಗೆಗೆ ಸೇರಿಸಿ ಸುಮ್ಮನಾಗದೆ, ತಿಪಟೂರಿನ ಬಳಿಯ ಕೊನೇಹಳ್ಳಿಯಲ್ಲಿ ಅದಕ್ಕೆಂದೇ ಟ್ರಸ್ಟ್ ಹುಟ್ಟುಹಾಕಿದರು.

ಸೀನರಿ, ಬಣ್ಣದ ದೀಪದ ಪೌರಾಣಿಕ ನಾಟಕಗಳು ಬಂದ ಮೇಲೆ ಹಳ್ಳಿಯ ಹುಡುಗರ ಕಣ್ಣು ಅತ್ತ ಹೊರಳಿತು. ಹೇಳಿಕೊಡುವ ಭಾಗವತರಿರುವ ಊರುಗಳಲ್ಲಿ ಆಟ ಉಳಿದಿದೆ. ಮುಖವೀಣೆ ಊದುವವರು ಸಿಗದ ಕಡೆ, ಅವರ ಜಾಗದಲ್ಲಿ ಹಾರ್ಮೋನಿಯಂ ಕೂತಿದೆ.