ಲಾರಿ ಕ್ಯಾಬಿನ್‌ಗೆ ಲೈಟು, ತಲೆ ಮೇಲೆ ಖಾನೆ: ಹಾಕಿಸುವ ಮುಂಚೆ ತಿಳಿದಿರಬೇಕಾದದ್ದು

ನಮ್ಮ ಊರು ಸಾಯಗಾಂವ, ಭಾಲ್ಕಿ ತಾಲ್ಲೂಕು. ಮಹಾರಾಷ್ಟ್ರದ ಗಡಿ ಹತ್ತಿರವೇ ಇದೆ. ನಮ್ಮ ಕಡೆ ಕಬ್ಬು, ತೊಗರಿ, ಸೋಯಾಬೀನ್ ಬೆಳೆಯುತ್ತಾರೆ. ಬೆಳೆದದ್ದು ಹೊರಗೆ ಹೋಗಬೇಕಾದರೆ ಲಾರಿ ಬೇಕು. ನನ್ನ ಮಾಮೂ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಲಾರಿ ಇದೆ. ಮಾಲೀಕರೂ ಅವರೇ, ಡ್ರೈವರೂ ಅವರೇ. ಸೀಜನ್‌ನಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಾರೆ. ಉಳಿದ ತಿಂಗಳು ಉದಗೀರ, ಲಾತೂರ, ಹೈದರಾಬಾದ್ ಕಡೆ ಕಾಳು ಸಾಗಿಸುತ್ತಾರೆ.

ವರ್ಷದ ಎಷ್ಟೋ ರಾತ್ರಿ ಆ ಕ್ಯಾಬಿನ್ನೇ ಅವರ ಮನೆ. ಕಾರ್ಖಾನೆಯ ಮುಂದೆ ಸರದಿ ಬರುವ ತನಕ ಅಲ್ಲೇ ಊಟ, ಅಲ್ಲೇ ನಿದ್ದೆ. ಜಾನಮಾಜ್, ಬಿ.ಪಿ. ಮಾತ್ರೆ, ಗಾಡಿಯ ಕಾಗದ, ಬಾಡಿಗೆ ಲೆಕ್ಕದ ವಹಿ ಎಲ್ಲವೂ ಸೀಟಿನ ಹಿಂದೆ ಒಂದೇ ಚೀಲದಲ್ಲಿ ಇರುತ್ತಿದ್ದವು. ಕ್ಯಾಬಿನ್‌ನ ಹಳೆಯ ಬಲ್ಬು ಮಂದವಾಗಿ ಉರಿಯುತ್ತಿತ್ತು. ಹೀಗಾಗಿ ಹೋದ ವರ್ಷ ಅವರು ಒಂದು ಅಂಗಡಿಯಲ್ಲಿ ಎಲ್‌ಇಡಿ ಪಟ್ಟಿ ಹಾಗೂ ತಲೆಯ ಮೇಲೆ ಪ್ಲೈವುಡ್ಡಿನ ಖಾನೆ ಹಾಕಿಸಿದರು. ಒಟ್ಟು ಖರ್ಚು 4,200 ರೂಪಾಯಿ. ಛಾವಣಿ ಸುತ್ತ ನೀಲಿ ಬೆಳಕು. ಮನೆಯ ಮಕ್ಕಳೆಲ್ಲ ಒಳಗೆ ಕೂತು ಫೋಟೋ ತೆಗೆಸಿಕೊಂಡೆವು.

ಎರಡು ತಿಂಗಳೂ ಆಗಿರಲಿಲ್ಲ. ಒಂದು ರಾತ್ರಿ ಭಾಲ್ಕಿ ದಾಟಿದ ಮೇಲೆ ಕ್ಯಾಬಿನ್‌ನಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಕ್ಲೀನರ್ ಹುಡುಗ ಹಿಂದೆ ಮಲಗಿದ್ದ. ಮಾಮೂ ಗಾಡಿ ಬದಿಗೆ ಹಾಕಿ, ಅವನನ್ನು ಎಬ್ಬಿಸಿ ಕೆಳಗಿಳಿಸಿ, ಓಡಿಹೋಗಿ ಬ್ಯಾಟರಿಯ ವೈರ್ ಬಿಚ್ಚಿದರು. ಛಾವಣಿಯ ರೆಗ್ಜಿನ್ ಒಂದು ಗೇಣು ಕರಗಿತ್ತು. ಬೆಂಕಿ ಹತ್ತಲಿಲ್ಲ, ಅಷ್ಟೇ. ಈ ಸಂಗತಿ ಅಮ್ಮಿಗೆ ಗೊತ್ತಾಗಿದ್ದು ಹದಿನೈದು ದಿನ ಬಿಟ್ಟು.

ಆಮೇಲೆ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಹಾಕಬೇಕಾಯಿತು. ಪರಿಚಯದ ಹಿರಿಯ ಮಿಸ್ತ್ರಿಯೊಬ್ಬರು ಮನೆ ಮುಂದೆಯೇ ಎರಡು ದಿನ ಕೆಲಸ ಮಾಡಿದರು. ಟಾರ್ಚ್ ಹಿಡಿದು, ಲೆಕ್ಕ ಬರೆದುಕೊಂಡು ಜೊತೆಗಿದ್ದವನು ನಾನು. ಆಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಕಾಲೇಜಿನಲ್ಲಿ ಲಾರಿ, ಪಿಕಪ್, ಆಟೋ ಇರುವ ಮನೆಗಳಿಂದ ಬರುವವರು ಬಹಳ ಮಂದಿ ಇದ್ದೇವೆ.

ತಪ್ಪು ಎಲ್ಲಿತ್ತು?

ಮಿಸ್ತ್ರಿ ಬಂದ ಕೂಡಲೇ ಕೇಳಿದ ಮೊದಲ ಮಾತು: “ಫ್ಯೂಜ್ ಎಲ್ಲಿ ಹಾಕ್ಯಾರ? ಅದನ್ನ ತೋರಸು ಮೊದಲ.”

ಫ್ಯೂಜೇ ಇರಲಿಲ್ಲ. ಬ್ಯಾಟರಿಯಿಂದ ತೆಳುವಾದ ವೈರ್ ಎಳೆದು ನೇರ ಲೈಟಿಗೆ ಕೊಟ್ಟಿದ್ದರು. ಕ್ಯಾಬಿನ್ನಿನ ತಗಡಿನಲ್ಲಿ ತೂತು ಕೊರೆದು, ರಬ್ಬರ್ ಬುಶ್ ಇಲ್ಲದೆ ಅದರೊಳಗಿಂದ ವೈರ್ ಹಾಯಿಸಿದ್ದರು. ಗಾಡಿ ಓಡಿದಂತೆಲ್ಲ ತಗಡಿನ ಅಂಚು ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಉಜ್ಜಿದೆ. ಒಂದು ದಿನ ಒಳಗಿನ ತಾಮ್ರ ತಗಡಿಗೆ ತಾಗಿದೆ. ಲಾರಿಯ ಬಾಡಿ ಬ್ಯಾಟರಿಯ ಮೈನಸ್‌ಗೆ ಜೋಡಣೆಯಾಗಿರುತ್ತದೆ. ಹಾಗಾಗಿ ಪ್ಲಸ್ ವೈರ್ ಬಾಡಿಗೆ ತಾಗಿದರೆ ಅದೇ ಶಾರ್ಟ್ ಸರ್ಕ್ಯೂಟ್.

ನಾನು ಅಲ್ಲಿಯತನಕ ತಿಳಿದಿದ್ದು ಹೀಗೆ: ಮನೆಯಲ್ಲಿ 230 ವೋಲ್ಟ್, ಅದು ಅಪಾಯ, ಲಾರಿಯಲ್ಲಿ 24 ವೋಲ್ಟ್, ಅದರಿಂದ ಏನಾಗುತ್ತದೆ? ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ. ಆದರೆ ಶಾರ್ಟ್ ಆದಾಗ ಲಾರಿಯ ಬ್ಯಾಟರಿ ನೂರಾರು ಆಂಪಿಯರ್ ಕರೆಂಟ್ ಕೊಡಬಲ್ಲದು. ತೆಳು ವೈರ್ ಕೆಲವೇ ಸೆಕೆಂಡಿನಲ್ಲಿ ಕಾದು ಕೆಂಪಾಗುತ್ತದೆ. ಸುತ್ತ ರೆಗ್ಜಿನ್, ಫೋಮ್, ಪ್ಲೈವುಡ್ ಇರುತ್ತವೆ.

ಫ್ಯೂಜ್ ಇರುವುದು ಲೈಟನ್ನು ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. ಆದ್ದರಿಂದ ಅದು ಬ್ಯಾಟರಿಯ ಹತ್ತಿರವೇ ಇರಬೇಕು. ಲೈಟಿನ ಪಕ್ಕ ಫ್ಯೂಜ್ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ಅಷ್ಟೂ ವೈರಿಗೆ ಕಾವಲಿಲ್ಲ.

ವೋಲ್ಟ್, ವ್ಯಾಟ್, ಆಂಪಿಯರ್

ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಪಿಕಪ್, ಆಟೋ, ಕಾರುಗಳಲ್ಲಿ 12 ವೋಲ್ಟ್. ಲೈಟ್ ಕೊಳ್ಳುವ ಮುಂಚೆ ನಿಮ್ಮ ಗಾಡಿಯದು ಎಷ್ಟೆಂದು ಮಲ್ಟಿಮೀಟರ್ ಹಿಡಿದು ನೋಡಬೇಕು. ನಮ್ಮ ಲಾರಿಯಲ್ಲಿ ಎಂಜಿನ್ ನಿಂತಾಗ ಸುಮಾರು 25, ಎಂಜಿನ್ ಓಡುವಾಗ ಸುಮಾರು 28 ತೋರಿಸಿತು. ಎರಡೂ ಸರಿಯೇ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುವುದರಿಂದ ವೋಲ್ಟ್ ಹೆಚ್ಚಿರುತ್ತದೆ. ಲೈಟು ಅದನ್ನೂ ತಾಳುವಂತಿರಬೇಕು.

ಇಲ್ಲಿ ಒಂದು ಕೆಟ್ಟ ರೂಢಿ ಇದೆ. 12 ವೋಲ್ಟಿನ ಲೈಟ್ ಅಗ್ಗಕ್ಕೆ ಸಿಗುತ್ತದೆಂದು ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ಕರೆಂಟ್ ತೆಗೆಯುತ್ತಾರೆ. ಆ ಒಂದು ಬ್ಯಾಟರಿ ದಿನಾ ಹೆಚ್ಚು ಖಾಲಿಯಾಗುತ್ತದೆ, ಇನ್ನೊಂದು ತುಂಬಿದ ಮೇಲೂ ಚಾರ್ಜ್ ಆಗುತ್ತಲೇ ಇರುತ್ತದೆ. ಕೊನೆಗೆ ಎರಡೂ ಬೇಗ ಹಾಳು. ನಮ್ಮ ಗಾಡಿಯಲ್ಲೂ ಹೀಗೇ ಮಾಡಿದ್ದರು. 12 ವೋಲ್ಟಿನ ಸಾಮಾನು ಹಾಕಲೇಬೇಕೆಂದರೆ 24ನ್ನು 12 ಮಾಡುವ ಕನ್ವರ್ಟರ್ ಹಾಕಬೇಕು.

ಲೆಕ್ಕ ಸುಲಭ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. ಈಗ ನಮ್ಮ ಕ್ಯಾಬಿನ್‌ನಲ್ಲಿ ಇರುವುದು: ಛಾವಣಿಯ ನಡುವೆ 6 ವ್ಯಾಟಿನ ಲೈಟ್ ಒಂದು, ಓದಲು ಬರೆಯಲು 3 ವ್ಯಾಟಿನವು ಎರಡು, 12 ವ್ಯಾಟಿನ ಪಟ್ಟಿ ಒಂದು. ಒಟ್ಟು 24 ವ್ಯಾಟ್. 24 ವೋಲ್ಟಿನಲ್ಲಿ ಅದು ಬರೀ 1 ಆಂಪಿಯರ್. ಇದಕ್ಕೆ 3 ಆಂಪಿಯರ್ ಫ್ಯೂಜ್ ಸಾಕು. ರಾತ್ರಿ 8 ಗಂಟೆ ಉರಿಸಿದರೂ ಬ್ಯಾಟರಿಯಿಂದ ಹೋಗುವುದು 8 ಆಂಪಿಯರ್-ಗಂಟೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೆ ತಳ್ಳುವ ಪ್ರಸಂಗ ಬರುವುದಿಲ್ಲ. ಮೊಬೈಲ್ ಚಾರ್ಜರ್‌ಗೆ ಬೇರೆ ವೈರ್, ಬೇರೆ 5 ಆಂಪಿಯರ್ ಫ್ಯೂಜ್ ಹಾಕಿದೆವು. ಒಂದು ಕೆಟ್ಟರೆ ಇನ್ನೊಂದು ನಡೆಯಬೇಕು.

ಫ್ಯೂಜ್ ಸುಟ್ಟರೆ ದೊಡ್ಡದನ್ನು ಹಾಕಬಾರದು, ಸಿಗರೇಟಿನ ಬೆಳ್ಳಿ ಕಾಗದ ಸುತ್ತಿ ತುರುಕಲೂಬಾರದು. ಫ್ಯೂಜ್ ಯಾಕೆ ಸುಟ್ಟಿತೆಂದು ಹುಡುಕಬೇಕು.

ಕೆಲಸದ ಕ್ರಮ

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು. ಪ್ಲಸ್ ಮೊದಲು ಬಿಚ್ಚಲು ಹೋದಾಗ ಪಾನಾ ಬಾಡಿಗೆ ತಾಗಿದರೆ ಅಲ್ಲೇ ಕಿಡಿ ಹಾರುತ್ತದೆ. ಜೋಡಿಸುವಾಗ ಉಲ್ಟಾ, ಮೈನಸ್ ಕೊನೆಗೆ.

ವೈರ್ ಗಾಡಿಗೆಂದೇ ಬರುವ, ಹಲವು ಎಳೆಗಳಿರುವ ವೈರ್ ಆಗಿರಬೇಕು. ಮನೆಗೆ ಹಾಕುವ ಒಂದೇ ದಪ್ಪ ಎಳೆಯ ವೈರ್ ಗಾಡಿಯ ಕುಲುಕಾಟಕ್ಕೆ ಮುರಿಯುತ್ತದೆ. ನಾವು 1 ಚದರ ಮಿ.ಮೀ. ವೈರ್ ಬಳಸಿದೆವು. ತಗಡಿನ ತೂತು ಬರುವ ಕಡೆಗೆಲ್ಲ ರಬ್ಬರ್ ಬುಶ್, ಉಳಿದ ಕಡೆ ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಪೈಪ್. ಜೋಡಣೆಗಳನ್ನು ಬರೀ ತಿರುಚಿ ಟೇಪ್ ಸುತ್ತಿ ಬಿಡಬಾರದು. ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಲೋಹದ ಕೊಳವೆ ಹಾಕಿ ಒತ್ತಿ, ಮೇಲೆ ಕಾಸಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ ಹಾಕಬೇಕು. ಮೈನಸ್ ವೈರ್ ಜೋಡಿಸುವ ಜಾಗದಲ್ಲಿ ಬಣ್ಣ, ತುಕ್ಕು ಕೆರೆದು ಬರೀ ಲೋಹ ಕಾಣುವಂತೆ ಮಾಡಬೇಕು. ಇಲ್ಲವಾದರೆ ಲೈಟು ಮಿಣುಕುತ್ತದೆ.

ತಲೆ ಮೇಲಿನ ಖಾನೆ

ಖಾನೆ ಎಂದರೆ ವಿಂಡ್‌ಸ್ಕ್ರೀನಿನ ಮೇಲ್ಭಾಗದಲ್ಲಿ, ಡ್ರೈವರ್ ತಲೆಯಿಂದ ಸ್ವಲ್ಪ ಮುಂದೆ ಕೂರಿಸುವ ಕಪಾಟು. ಅದನ್ನು ಛಾವಣಿಯ ತೆಳು ತಗಡಿಗೆ ಸ್ಕ್ರೂ ಹಾಕಿ ನಿಲ್ಲಿಸಿದರೆ ಆರು ತಿಂಗಳಿಗೆ ತೂತು ಸಡಿಲವಾಗಿ ಕೆಳಗೆ ಬರುತ್ತದೆ. ತಗಡಿನ ಹಿಂದೆ ಇರುವ ಗಟ್ಟಿ ಕಬ್ಬಿಣದ ಚೌಕಟ್ಟಿಗೆ ಅಗಲ ವಾಷರ್ ಹಾಕಿ ನಟ್-ಬೋಲ್ಟಿನಿಂದ ಬಿಗಿಯಬೇಕು. ಕೊರೆಯುವ ಮುಂಚೆ ಒಳಗೆ ಹಳೆಯ ವೈರ್ ಹಾದುಹೋಗಿದೆಯೇ ಎಂದು ನೋಡಬೇಕು. ಛಾವಣಿ ತೂತಾದರೆ ಮಳೆಗಾಲದಲ್ಲಿ ಸೋರಿ ನೀರು ನೇರ ಆ ವೈರಿಗೇ ಇಳಿಯುತ್ತದೆ.

ಖಾನೆಯ ಮುಂದೆ ಎರಡು ಇಂಚು ತಡೆಪಟ್ಟಿ ಬೇಕು. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಜೋರಾಗಿ ಬ್ರೇಕ್ ಹಾಕಿದಾಗ ಗಾಡಿ ನಿಲ್ಲುತ್ತದೆ, ಖಾನೆಯಲ್ಲಿಟ್ಟ ಸಾಮಾನು ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಆದ್ದರಿಂದ ಪಾನಾ, ಜಾಕ್, ನೀರಿನ ಕ್ಯಾನ್ ಮೇಲೆ ಇಡಲೇಬಾರದು. ಕಾಗದ, ಬಟ್ಟೆ, ಮಾತ್ರೆ, ಜಾನಮಾಜ್ ಮಾತ್ರ ಇರಲಿ. ಅಂಚುಗಳಿಗೆ ಫೋಮ್ ಸುತ್ತಬೇಕು, ಯಾಕೆಂದರೆ ಗುಂಡಿ ಬಂದಾಗ ತಲೆ ತಾಗುವುದು ಅಲ್ಲಿಗೇ. ಖಾನೆ ಕೆಳಗೆ ಇಳಿದು ರಸ್ತೆಯ ನೋಟಕ್ಕೆ ಅಡ್ಡ ಬರಬಾರದು. ಕ್ಯಾಬಿನ್ ಮುಂದಕ್ಕೆ ಬಾಗುವ ಲಾರಿಯಾದರೆ ಎಂಜಿನ್ ಕೆಲಸಕ್ಕೆ ಬಾಗಿಸುವ ಮುಂಚೆ ಖಾನೆ ಖಾಲಿ ಮಾಡಬೇಕು. ಬಾಗುವ ಜಾಗದಲ್ಲಿ ವೈರ್ ಸ್ವಲ್ಪ ಸಡಿಲವಾಗಿ ಬಿಟ್ಟಿರಬೇಕು.

ಬೆಳಕು ಯಾರಿಗೆ?

ನನಗೆ ಎಲ್ಲಕ್ಕಿಂತ ಹೊಸದೆನಿಸಿದ್ದು ಈ ವಿಷಯ. ನೀಲಿ ಪಟ್ಟಿ ಹಾಕಿಸಿದ ಮೊದಲ ವಾರವೇ ಮಾಮೂ ಒಂದು ಮಾತು ಹೇಳಿದ್ದರು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋಗುತ್ತಿತ್ತಂತೆ. ಹಿಂದೆ ಕೆಂಪು ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ತೀರಾ ಹತ್ತಿರ ಹೋದ ಮೇಲೆ ಕಂಡಿತು. “ನನ್ನ ಕಣ್ಣು ಮಂದವಾಯಿತೇನೋ ಬೇಟಾ” ಎಂದಿದ್ದರು. ನಮ್ಮ ಕಡೆ ಸೀಜನ್‌ನಲ್ಲಿ ಇಂಥ ಟ್ರ್ಯಾಕ್ಟರ್‌ಗಳನ್ನು ಎಲ್ಲರೂ ನೋಡಿದ್ದೇವೆ.

ಕಣ್ಣು ಮಂದವಾಗಿರಲಿಲ್ಲ. ಕತ್ತಲಿಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಕಣ್ಣಿನ ಒಳಪರದೆಯ ರಾಡ್ ಕೋಶಗಳು ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ನೀಲಿ-ಹಸಿರು ಬೆಳಕಿಗೆ ಅವು ಬಹಳ ಸೂಕ್ಷ್ಮ, ಕೆಂಪಿಗೆ ಅಷ್ಟಿಲ್ಲ. ಕ್ಯಾಬಿನ್‌ನಲ್ಲಿ ನೀಲಿ ಅಥವಾ ಬೆಳ್ಳಗಿನ ಬೆಳಕು ಉರಿಯುತ್ತಿದ್ದರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದೇ ಇಲ್ಲ. ಮೇಲೆ ಅದೇ ಬೆಳಕು ವಿಂಡ್‌ಸ್ಕ್ರೀನಿನ ಒಳಮೈಯಲ್ಲಿ ಪ್ರತಿಫಲಿಸಿ ರಸ್ತೆಯ ಮೇಲೆ ಪರದೆ ಎಳೆದ ಹಾಗೆ ಮಾಡುತ್ತದೆ. ನೀಲಿ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನೂ ತಗ್ಗಿಸುತ್ತದೆ. ಹಾಗಾಗಿ ಗಾಡಿ ನಿಲ್ಲಿಸಿ ಎರಡು ತಾಸು ಮಲಗುವವರಿಗೂ ಅದು ಒಳ್ಳೆಯದಲ್ಲ.

ಈಗ ನಮ್ಮ ಗಾಡಿಯಲ್ಲಿ ಎರಡು ಸ್ವಿಚ್. ಓಡಿಸುವಾಗ ಬೇಕಾದರೆ ಕಾಲ ಬಳಿ ಇರುವ ಅರಿಶಿನ-ಕೇಸರಿ ಬಣ್ಣದ ಪಟ್ಟಿ, ಅದೂ ಡಿಮ್ಮರ್ ತಿರುಗಿಸಿ ಕನಿಷ್ಠ ಮಟ್ಟದಲ್ಲಿ. ಬಿಳಿ ಲೈಟುಗಳು ಗಾಡಿ ನಿಂತಾಗ ಮಾತ್ರ. ಪರೀಕ್ಷೆ ಮಾಡುವ ದಾರಿ ಸರಳ: ರಾತ್ರಿ ಡ್ರೈವರ್ ಸೀಟಿನಲ್ಲಿ ಕೂತು ಗಾಜನ್ನು ನೋಡಿ. ಗಾಜಿನಲ್ಲಿ ಲೈಟಿನ ಬಿಂಬ ಕಂಡರೆ ಅದರ ಜಾಗ ತಪ್ಪು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್.ಸಿ.ಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯ ನಂತರ ಒಂದೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ವಾಹನದ ಮುಂದಕ್ಕೆ ಕೆಂಪು ಬೆಳಕು ತೋರಿಸಬಾರದು. ಈ ನಿಯಮದಿಂದ ಒಳಗಿನ ಲೈಟಿಗೆ ವಿನಾಯಿತಿ ಇದೆ. ಬಂಪರ್ ಮೇಲೆ, ಕ್ಯಾಬಿನ್ನಿನ ಹೊರಗೆ ಬಣ್ಣದ ಲೈಟು ಹಾಕುವವರಿಗೆ ಆ ವಿನಾಯಿತಿ ಸಿಗುವುದಿಲ್ಲ.

ಇನ್ನೊಂದು ಒಳ್ಳೆಯ ಸುದ್ದಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್ನಿಗಿಂತ ಹೆಚ್ಚು ಒಟ್ಟು ತೂಕದ ಸರಕು ವಾಹನಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ. ಡ್ರೈವರ್ ಕೂರುವ ಜಾಗವೂ ಲೆಕ್ಕಕ್ಕೆ ಬಂತು. ಆದರೆ ಹಳೆಯ ಲಾರಿ ಇಟ್ಟುಕೊಂಡವರು ತಮ್ಮ ಅನುಕೂಲ ತಾವೇ ಮಾಡಿಕೊಳ್ಳಬೇಕು.

ಕಾಮರ್ಸ್ ಕಣ್ಣಿನಿಂದ

ಅಕೌಂಟೆನ್ಸಿ ಪಾಠದಲ್ಲಿ ಬಂಡವಾಳ ವೆಚ್ಚ, ರಾಜಸ್ವ ವೆಚ್ಚ ಓದುತ್ತೇವೆ. ಹಲವು ವರ್ಷ ಉಪಯೋಗಕ್ಕೆ ಬರುವ ಹೊಸ ಖಾನೆ, ಲೈಟು ಬಂಡವಾಳ ವೆಚ್ಚ. ಸುಟ್ಟ ವೈರ್ ಬದಲಿಸಿದ್ದು, ರೆಗ್ಜಿನ್ ಹೊಲಿಸಿದ್ದು ರಿಪೇರಿ, ಅಂದರೆ ರಾಜಸ್ವ ವೆಚ್ಚ. ಎರಡನೇ ಸಲದ ಕೆಲಸಕ್ಕೆ 2,650 ರೂಪಾಯಿ ಆಯಿತು. ಅದರಲ್ಲಿ ಫ್ಯೂಜ್, ಹೋಲ್ಡರ್, ರಬ್ಬರ್ ಬುಶ್ ಎಲ್ಲ ಸೇರಿ 200 ರೂಪಾಯಿಯೂ ಆಗಲಿಲ್ಲ. ಮೊದಲ ಸಲ 4,200ರಲ್ಲಿ ಉಳಿಸಿದ್ದು ಈ 200 ರೂಪಾಯಿಯನ್ನು. ಆ ರಾತ್ರಿ ಕ್ಯಾಬಿನ್‌ನಲ್ಲಿ ಇಬ್ಬರು ಮನುಷ್ಯರಿದ್ದರು. ಅದನ್ನು ಯಾವ ಖಾತೆಗೆ ಬರೆಯುವುದೋ ನನಗೆ ಗೊತ್ತಿಲ್ಲ.

ಮಾಮೂ ಈಗ ಸೀಟಿನ ಪಕ್ಕ ಒಂದು ಸಣ್ಣ ಅಗ್ನಿಶಾಮಕ ಸಿಲಿಂಡರ್ ಇಟ್ಟಿದ್ದಾರೆ. ಬ್ಯಾಟರಿ ಕಟ್-ಆಫ್ ಸ್ವಿಚ್ ಎಲ್ಲಿದೆ ಎಂದು ಕ್ಲೀನರ್ ಹುಡುಗನಿಗೂ ತೋರಿಸಿಕೊಟ್ಟಿದ್ದಾರೆ.

ನಿಮ್ಮ ಮನೆಯಲ್ಲೂ ಗಾಡಿ ಇದ್ದರೆ, ಅದರಲ್ಲಿ ಹೊರಗಿನಿಂದ ಹಾಕಿಸಿದ ಲೈಟೋ ಚಾರ್ಜರೋ ಇದ್ದರೆ, ಇವತ್ತು ಸಂಜೆ ಅಬ್ಬಾಗೋ ಭಾಯಿಗೋ ಒಂದೇ ಪ್ರಶ್ನೆ ಕೇಳಿ: “ಇದರ ಫ್ಯೂಜ್ ಎಲ್ಲಿದೆ?” ಉತ್ತರ ಸಿಗದಿದ್ದರೆ ಮರುದಿನ ಗಾಡಿ ಬಾಡಿಗೆಗೆ ಹೋಗುವ ಮುಂಚೆ ಮಿಸ್ತ್ರಿಯನ್ನು ಕರೆಸಿ.